ಮೆಕ್ಕೆಜೋಳದ ಲೆಕ್ಕ ಮೈನಸ್ ಬಂದಾಗ

ಮಾನ್ಯರೇ,

ಪಿಯು ಪರೀಕ್ಷೆ ಮುಗಿಯಿತೆಂದರೆ ದಾವಣಗೆರೆಯ ವಿದ್ಯಾನಗರದ ಕಂಬಕಂಬಕ್ಕೂ ಕಂಪ್ಯೂಟರ್ ತರಬೇತಿಯ ಫಲಕ ನೇತಾಡುತ್ತದೆ. ಮನೆಗಳಲ್ಲಿ ಒಂದೇ ಚರ್ಚೆ: ಮೊದಲು ಕಲಿಯಬೇಕಾದದ್ದು ಸಿ, ಜಾವಾ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯಾವುದು? ಮೂವತ್ತೊಂದು ವರ್ಷ ಇಲ್ಲಿನ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದ ನನಗೆ ಇದರಲ್ಲಿ ಬಾಯಿ ಹಾಕುವ ಅರ್ಹತೆಯಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಮೊಮ್ಮಗಳ ಶುಲ್ಕ ಕಟ್ಟಿದವನು ನಾನೇ.

‘ಸಿ ಇಲ್ಲದೆ ತಳಪಾಯವಿಲ್ಲ’ ಎಂದು ಹೇಳಿ ತರಬೇತಿ ಕೇಂದ್ರದವರು ಅವಳನ್ನು ಸೇರಿಸಿಕೊಂಡರು. ಕಲಿಸಿದ್ದು ಸಿ ಬರೆದು ಓಡಿಸುವ ಟರ್ಬೊ ಸಿ ಎಂಬ ತಂತ್ರಾಂಶದ ನೀಲಿ ಪರದೆಯ ಮೇಲೆ. ಬೋರ್ಲ್ಯಾಂಡ್ ಕಂಪನಿ ಅದನ್ನು ಹೊರತಂದದ್ದು 1987ರಲ್ಲಿ. ಆಗ ನಮ್ಮ ಅಂಗಡಿಯಲ್ಲಿದ್ದ ಯಂತ್ರವೆಂದರೆ ಒಂದು ಕ್ಯಾಲ್ಕುಲೇಟರ್, ಅದೂ ಸಾಹುಕಾರರ ಗಲ್ಲಾಪೆಟ್ಟಿಗೆಯೊಳಗೆ. ಪ್ರೋಗ್ರಾಮಿನ ಮೊದಲೆರಡು ಸಾಲು ಏಕೆ ಬರೆಯಬೇಕೆಂದು ಹುಡುಗಿ ಕೇಳಿದರೆ ‘ಹಾಗೇ ಬರೆಯಬೇಕು’ ಎಂಬ ಉತ್ತರ.

ಒಂದು ಸಂಜೆ ಅವಳು ನನ್ನನ್ನು ಮೆಚ್ಚಿಸಲು ರೈತರಿಗೆ ಕೊಡಬೇಕಾದ ಹಣದ ಪಟ್ಟಿ ಮಾಡಲು ಹೊರಟಳು. 20 ಕ್ವಿಂಟಲ್ ಮೆಕ್ಕೆಜೋಳ, ಕ್ವಿಂಟಲಿಗೆ 2,000 ರೂಪಾಯಿ. ಪರದೆಯ ಮೇಲೆ ಬಂದದ್ದು ಮೈನಸ್ 25,536! ಮಾಲು ತಂದ ರೈತನೇ ನಮಗೆ ಬಾಕಿದಾರನಾದ. ಮರುದಿನ ಕೇಂದ್ರದಲ್ಲಿ ತೋರಿಸಿದರೆ ‘ಚಿಕ್ಕ ಸಂಖ್ಯೆ ಹಾಕಿ ನೋಡು’ ಎಂದರಂತೆ.

ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಕಾಗದದ ಮೇಲೆ 40,000 ಬರೆದು, ಬಂದ ಉತ್ತರಕ್ಕೂ ಅದಕ್ಕೂ ಅಂತರ ತೆಗೆದೆ: 65,536. ಆ ಸಂಖ್ಯೆ ನೋಡಿದವಳೇ ಮೊಮ್ಮಗಳು ‘ತಾತ, ಎರಡನ್ನು ಹದಿನಾರು ಸಲ ಗುಣಿಸಿದರೆ ಇದೇ’ ಎಂದು ಕೂಗಿದಳು. ಆ ಹಳೆಯ ಟರ್ಬೊ ಸಿಯಲ್ಲಿ ಮಾಮೂಲಿ ಪೂರ್ಣಾಂಕಕ್ಕೆ ಇರುವುದು 16 ಬಿಟ್ ಜಾಗ, ಅಂದರೆ ಸೊನ್ನೆ ಇಲ್ಲವೇ ಒಂದು ಕೂರುವ ಹದಿನಾರು ಮನೆ. ಅದರಲ್ಲಿ ಹಿಡಿಸುವ 65,536 ಸಂಖ್ಯೆಗಳಲ್ಲಿ ಅರ್ಧ ಮೈನಸ್ಸಿಗೆ ಮೀಸಲು. 32,767 ದಾಟಿದರೆ ಲೆಕ್ಕ ತಿರುಗಿ ಮೈನಸ್ಸಿಗೆ ಬೀಳುತ್ತದೆ. ನಿಜ ಹೇಳಬೇಕೆಂದರೆ ಇಡೀ ಕೋರ್ಸಿನಲ್ಲಿ ಅವಳು ಕಲಿತ ಒಳ್ಳೆಯ ಪಾಠ ಇದೊಂದೇ. ಆದ್ದರಿಂದ ಸಿ ಭಾಷೆಯ ಮೇಲೆ ನನಗೆ ಸಿಟ್ಟಿಲ್ಲ. ಈಗ ಎಲ್ಲರೂ ಹೊಗಳುವ ಪೈಥಾನ್ ಕೂಡ ಹೆಚ್ಚಾಗಿ ಓಡುವುದು ಸಿಯಲ್ಲಿ ಬರೆದ ತಂತ್ರಾಂಶದ ಮೇಲೆಯೇ ಅಂತೆ.

ಆಮೇಲೆ ಅವಳೇ ಪೈಥಾನ್ ಹಾಕಿಕೊಂಡಳು, ಬಿಟ್ಟಿಯಾಗಿ. ಅದರಲ್ಲಿ ಲೆಕ್ಕದ ಬಾಬುಗಳಿಗೆ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದೆಂದು ತಿಳಿದು ನನಗೇ ಹುರುಪು ಬಂತು. ಒಟ್ಟು ಎಂದರೆ ತೂಕ ಗುಣಿಸು ದರ; ನನ್ನ ಖಾತೆಪುಸ್ತಕವೇ. ಒಂದು ಕಡೆ ನಾನು ‘ದರ’ವನ್ನು ‘ಧರ’ ಎಂದು ಒತ್ತಿಬಿಟ್ಟೆ. ಇಂಥ ಸಾಲಿನಲ್ಲಿ ಇಂಥ ಹೆಸರು ಗೊತ್ತಿಲ್ಲ ಎಂದು ತಕ್ಷಣ ತಡೆಯಿತು. ನಮ್ಮ ಕನ್ನಡ ಮೇಷ್ಟರೂ ಮಹಾಪ್ರಾಣಕ್ಕೆ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಶುಲ್ಕ ಕಟ್ಟುವ ಪೋಷಕರು ಭಾಷೆ ಯಾವುದೆಂದು ಕೇಳಿ ಸುಮ್ಮನಾಗಬಾರದು. ಮಗು ಮೊದಲ ವಾರದಲ್ಲೇ ತನ್ನದೊಂದು ಲೆಕ್ಕ ಮಾಡಿ ತರುತ್ತದೆಯೇ, ಉತ್ತರ ತಪ್ಪಿದಾಗ ಜೊತೆಗೆ ಕೂತು ನೋಡುವವರು ಯಾರು ಎಂದೂ ಕೇಳಲಿ.

ಈಗ ಮೊಮ್ಮಗಳು ಹಮಾಲಿ ಕಳೆಯುವ ಲೆಕ್ಕಕ್ಕೆ ಬಂದಿದ್ದಾಳೆ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.3 ಎನ್ನದೆ, ಸೊನ್ನೆಗಳ ಸಾಲಿನ ತುದಿಗೆ ಒಂದು 4 ಅಂಟಿಸುತ್ತಿದೆ. ಆ ವ್ಯತ್ಯಾಸ ಹುಡುಕುವುದು ಇನ್ನೂ ಬಾಕಿ ಇದೆ.

— ನಿವೃತ್ತ ಗುಮಾಸ್ತ, ದಾವಣಗೆರೆ