ಚುನಾವಣೆಯ ಸಮಯ: ಮತದಾರರಿಗೂ ಅಧಿಕಾರವಿರಲಿ

ಮಾನ್ಯರೆ,

ಅಮೆರಿಕದ ಟೆಕ್ಸಾಸ್ ರಾಜ್ಯದ ದೊಡ್ಡ ನಗರಗಳಲ್ಲಿ 20 ಸಾವಿರ ಅರ್ಹ ಮತದಾರರು ಸಹಿ ಹಾಕಿದರೆ, ನಗರಾಡಳಿತದ ನಿಯಮಾವಳಿಗೆ ಅವರು ಕೋರಿದ ತಿದ್ದುಪಡಿಯನ್ನು ಮತದಾನಕ್ಕೆ ಇಡಲೇಬೇಕು. ಆಸ್ಟಿನ್ ನಗರದ ನಾಗರಿಕರು ಹೀಗೆಯೇ ಅರ್ಜಿ ಸಲ್ಲಿಸಿ, ಮೇಯರ್ ಚುನಾವಣೆಯನ್ನು ಹೆಚ್ಚು ಜನ ಮತಗಟ್ಟೆಗೆ ಬರುವ ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಬದಲಾಯಿಸುವ ಪ್ರಸ್ತಾವಕ್ಕೆ 2021ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆದರು. ಅದರಿಂದಾಗಿ 2022ರಲ್ಲಿ ಗೆದ್ದ ಮೇಯರ್‌ಗೆ ಎರಡೇ ವರ್ಷದ ಅವಧಿ ದೊರೆಯಿತು. ದೊಡ್ಡ ಚುನಾವಣೆಯ ಗದ್ದಲದಲ್ಲಿ ಚರಂಡಿ, ಬಸ್ಸುಗಳ ಚರ್ಚೆ ಮುಳುಗಿಹೋದೀತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆನ್ನುವ ಸಂವಿಧಾನದ 243-ಯು ವಿಧಿಯಿದ್ದೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಗತಿಯಾದಾಗ, ಬೆಂಗಳೂರಿನ ಮತದಾರರಿಗೆ ಉಳಿದದ್ದು ನ್ಯಾಯಾಲಯದ ಮೆಟ್ಟಿಲು ಮಾತ್ರ. ಇಂತಹ ಅರ್ಜಿಯ ಹಕ್ಕನ್ನು ಪಾಲಿಕೆ ಕಾಯ್ದೆಯಲ್ಲಿ ಸೇರಿಸುವ ಬಗ್ಗೆ ಶಾಸಕರು ಸದನದಲ್ಲಿ ಚರ್ಚಿಸಲಿ.

– ಓದುಗ, ಬೆಂಗಳೂರು