ಮಿರಜಿನ ಭಾಕ್ರಿ ಬರಿಯೋ ತಮ್ಮಾ

ತಮ್ಮಾ,

ನೀ ನಿನ್ನ ಕಥಿ ಬರದು ಕಳಿಸಿದ ನಲವತ್ತು ಪುಟ ನಿನ್ನೆ ರಾತ್ರಿ ಓದಿ ಮುಗಿಸ್ದೆ, ಕರೆಂಟ್ ಹೋಗಿತ್ತು, ಮೊಬೈಲ್ ಟಾರ್ಚ್ ಹಚ್ಕೊಂಡು ಓದೀನಿ ಅಂದ್ರ ಚಲೋ ಐತಿ ಅಂತನ ತಿಳ್ಕೊ. ಆದ್ರ ‘ಕತ್ತಲೆಯಿಂದ ಬೆಳಕಿಗೆ ಬಂದೆ’ ಅಂತ ಆರು ಸಲ ಬರದಿ. ಚರ್ಚಿನಾಗ ಸಾಕ್ಷಿ ಹೇಳೋರೆಲ್ಲಾ ಅದನ್ನ ಅಂತಾರ, ಅದರಾಗ ನೀ ಎಲ್ಲದಿ?

ಮೂರನೇ ಪುಟದಾಗ, ಮಿರಜ್ ಸ್ಟೇಷನ್ ಬೆಂಚಿನ ಮ್ಯಾಲ ಒಬ್ಬಾಕಿ ಮುದುಕಿ ಅರ್ಧ ಭಾಕ್ರಿ ಕೊಟ್ಲು ಅಂತ ಒಂದ ಸಾಲು ಬರದು ಮುಂದ ಓಡಿಬಿಟ್ಟಿ. ಎದರ ಜೋಡಿ ಕೊಟ್ಲಪಾ? ಶೇಂಗಾ ಹಿಂಡಿನೋ, ಬರೇ ಉಳ್ಳಾಗಡ್ಡಿನೋ? ಹದಿನೇಳು ವರ್ಷದ ಹುಡುಗ, ಮನ್ಯಾಗ ಜಗಳಾಡಿ ಬಂದಾವ, ಕೈ ಚಾಚಿದ್ಯೋ ನಾಚ್ಕೊಂಡ್ಯೋ?

ಬೈಬಲ್ಲಿನಾಗ ಲೂಕನ 24ನೇ ಅಧ್ಯಾಯ ಮತ್ತೊಮ್ಮೆ ತಗದು ನೋಡು, ಭಕ್ತಿಗಲ್ಲ, ಬರವಣಿಗಿ ಕಲಿಯಾಕ. ಇಬ್ಬರು ಶಿಷ್ಯರು ಎಮ್ಮಾಹು ಅನ್ನೋ ಹಳ್ಳಿಗೆ ಹೊಂಟಾರ, ಸುಮಾರು 11 ಕಿಲೋಮೀಟರ್ ದಾರಿ, ಸತ್ತು ಎದ್ದುಬಂದ ಯೇಸು ಜೋಡೀನ ನಡದಾನ, ಗುರುತ ಸಿಗವಲ್ದು. ಮೋಶೆಯಿಂದ ಹಿಡದು ಎಲ್ಲಾ ಪ್ರವಾದಿಗಳ ಮಾತು ಬಿಡಿಸಿ ಹೇಳಿದ ಅಂತ ಅಷ್ಟು ದೊಡ್ಡ ಬೋಧನಾನ ಲೂಕ ಒಂದ ವಚನದಾಗ ಮುಗಿಸ್ಯಾನ, ರೊಟ್ಟಿ ಬಂದಾಗ ನೋಡು, ತೊಗೊಂಡ, ಸ್ತೋತ್ರ ಮಾಡ್ದ, ಮುರದ, ಕೊಟ್ಟ, ನಾಕೂ ಬಿಡಿಬಿಡಿಯಾಗಿ ತೋರಿಸ್ಯಾನ. ನೀ ಉಲ್ಟಾ ಮಾಡಿ, ಬೋಧನಾ ಒಂಬತ್ತು ಪುಟ, ಭಾಕ್ರಿ ಒಂದ ಸಾಲು.

ಕಿಟೆಲ್ 21ನೇ ವಯಸ್ಸಿಗೆ, 1853ರಾಗ, ಜರ್ಮನಿ ಬಿಟ್ಟು ಈ ಕಡೆ ಬಂದಾವ, ಬೋಧನಾ ಮಾಡಾಕ ಬಂದು ಕನ್ನಡ ಪದ ಕೂಡಿಸ್ಕೋತ ಕೂತ, 1894ರಾಗ ನಿಘಂಟು ಹೊರಗ ಬಂತು. ನೀ ಇಲ್ಲೇ ಹುಟ್ಟಿ ‘ಪವಿತ್ರಾನುಭೂತಿ’ ಅಂತ ಬರೀತಿಯಲ್ಲೋ!

ನಂದೂ ಹಿಂಗ. ಗುಳೇದಗುಡ್ಡದಾಗ ಖಣ ನೇಯೋ ಮನಿ, ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಪಾದ್ರಿಗಳು 1851ರಾಗ ಬಂದು ಕೂತ ಊರು, ನಮ್ಮಪ್ಪ ಸಭಾ ಹಿರಿಯ, ಭಾನುವಾರ ಚರ್ಚಿಗೆ ತಡಾ ಆದ್ರ ಊಟಾ ಇಲ್ಲ. ಹದಿನಾರಕ್ಕ ಎಲ್ಲಾ ಬಿಟ್ಟು ಬೆಳಗಾವಿಗೆ ಬಂದು ಒಂದ ಖಾನಾವಳ್ಯಾಗ ತಾಟು ತೊಳಕೋತ ಇದ್ದೆ. ಜೋಡಿ ಕೆಲಸದಾವ ಖಾನಾಪುರ ಕಡೆಯ ಕ್ಯಾಥಲಿಕ್ ಹುಡುಗ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕ ಹಳೇ ಗೋವಾಕ್ಕ ನಡಕೋತ ಹೋಗೂಣು ಬಾ ಅಂದ. ನಂಬಿಕಿ ಗಿಂಬಿಕಿ ಏನಿಲ್ಲ, ನಾಕ ದಿನ ತಾಟು ತೊಳಿಯೂದು ತಪ್ತೈತಿ ಅಂತ ಹೊಂಟೆ (ನಮ್ಮಜ್ಜಿಗೆ ಗೊತ್ತಾಗಿದ್ರ ಮೂರ್ತಿಪೂಜಾ ಅಂತ ಬೈತಿದ್ಲು). ಜಾಂಬೋಟಿ ದಾಟಿ ಕಣಕುಂಬಿಗೆ ಬರೂದ್ರಾಗ, ನಮ್ಮ ಮಲಪ್ರಭಾ ಹುಟ್ಟೋ ಊರು ಅದು, ಹಿಮ್ಮಡಿ ಬೊಬ್ಬಿ ಒಡದು ರಸ್ತಾದಾಗ ಕೂತೆ. ಜಪಸರ ಹಿಡಕೊಂಡು ಬರ್ತಿದ್ದ ಒಬ್ಬ ಗೌಂಡಿ ಅದನ್ನ ಕಿಸೆದಾಗ ಇಟ್ಟು, ತನ್ನ ಟಾವೆಲ್ ಹರದು ನನ್ನ ಕಾಲಿಗೆ ಕಟ್ಟಿ, ಮತ್ತ ಎಲ್ಲಿ ಬಿಟ್ಟಿದ್ನೋ ಅದ ಮಣಿಯಿಂದ ಶುರು ಹಚ್ಕೊಂಡ. ಹಳೇ ಗೋವಾ ಮುಟ್ಟಿದ ಮ್ಯಾಲ, ಬೋಮ್ ಜೀಸಸ್ ಬೆಸಿಲಿಕಾ ಚರ್ಚಿನಾಗ ನಂಗ ಏನೂ ಆಗಲಿಲ್ಲ, ಖರೇ ಹೇಳ್ತೀನಿ. ಗರ್ದಿ ಭಾಳಿತ್ತು.

ಕಡೀಕ ‘ಅಪ್ಪ ಕ್ಷಮಿಸಿದರು’ ಅಂತ ಬರದಿ. ನಾ ನಾಕ ವರ್ಷದ ಮ್ಯಾಲ ಹೋದಾಗ ನಮ್ಮಪ್ಪ ಮಗ್ಗದ ಕುಣಿಯಾಗಿಂದ ಮ್ಯಾಲ ಏಳಲಿಲ್ಲ, ಲಾಳಿ ನಿಂದ್ರಿಸಿ ಒಂದ್ ಗಳಿಗಿ ನೋಡಿ, ‘ನೂಲಿನ ಕಂಡಕಿ ಮುಗದಾವು, ಸುತ್ತು’ ಅಂದ, ಅಷ್ಟ. ನಿಮ್ಮಪ್ಪ ಏನಂದ್ರು? ಕೈಯಾಗ ಏನಿತ್ತು? ಆ ಎರಡು ಪುಟ ಬರದು ಕಳಸು, ಉಳದದ್ದು ಆಮ್ಯಾಲ ನೋಡೂಣು.

ನಿನ್ನ ಕಾಕಾ,
ಬೆಳಗಾವಿ