ಮತ ಹಾಕುವ ಮೊದಲೇ ದುಡ್ಡು ಕೊಟ್ಟವರ ಹೆಸರು ಹೇಳಿ: ಮುಖ್ಯ ಚುನಾವಣಾ ಆಯುಕ್ತರಿಗೆ ಗಡಿನಾಡಿನಿಂದ ಬಹಿರಂಗ ಪತ್ರ

ಮಾನ್ಯ ಮುಖ್ಯ ಚುನಾವಣಾ ಆಯುಕ್ತರೇ,

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯವನು, ಮಂಜೇಶ್ವರ ತಾಲೂಕಿನ ಒಳಭಾಗದಲ್ಲಿ ಅಡಿಕೆ ತೋಟ ಇಟ್ಟುಕೊಂಡಿರುವ ಸಾಮಾನ್ಯ ಮತದಾರ. ಮನೆಮಾತು, ಓದಿದ್ದು, ಬರೆಯುವುದು ಎಲ್ಲ ಕನ್ನಡದಲ್ಲೇ, ಅದಕ್ಕೆ ಈ ಪತ್ರವೂ ಕನ್ನಡದಲ್ಲೇ ಇದೆ. ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಖಂಡಿತ ಇದ್ದಾರೆ, ಅವರಿಂದ ಓದಿಸಿಕೊಳ್ಳಿ.

ಕೇಳುವುದು ಒಂದೇ. ನಮ್ಮ ಕ್ಷೇತ್ರದಲ್ಲಿ ನಿಂತವರ ಪ್ರಚಾರಕ್ಕೆ ದುಡ್ಡು ಹಾಕಿದವರು ಯಾರು, ಎಷ್ಟು ಹಾಕಿದರು ಅಂತ ಮತದಾನಕ್ಕೆ ಮೊದಲೇ ನಮಗೆ ಹೇಳಿ. ಎಣಿಕೆ ಮುಗಿದು, ಗೆದ್ದವರು ಪ್ರಮಾಣವಚನ ತೆಗೆದುಕೊಂಡ ಮೇಲೆ ಬೇಡ. ಮೊದಲೇ ಬೇಕು.

ಇಷ್ಟು ವರ್ಷ ಸುಮ್ನೆ ಇದ್ದವನು ಈಗ ಯಾಕೆ ಬರೆಯುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ನೀರು.

ನಮ್ಮ ಕಡೆ ನೀರು ಅಂದ್ರೆ ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ದೆಹಲಿಯಲ್ಲಿರುವ ನಿಮಗೆ ಹೇಳುತ್ತೇನೆ. ಗುಡ್ಡದ ಬದಿಯಿಂದ ಒಬ್ಬ ಮನುಷ್ಯ ನುಸುಳಿ ಹೋಗುವಷ್ಟು ಅಗಲಕ್ಕೆ ಮುರಕಲ್ಲನ್ನು, ಅಂದರೆ ಕೆಂಪು ಜಂಬಿಟ್ಟಿಗೆಯನ್ನು, ಅಡ್ಡಕ್ಕೆ ಕೊರೆಯುತ್ತಾ ಹೋಗಿ, ಒಳಗೆ ಸಿಕ್ಕಿದ ಒರತೆಯನ್ನು ಹೊರಗೆ ಹರಿಸಿಕೊಳ್ಳುವುದು. ಪಂಪು ಬೇಡ, ಕರೆಂಟು ಬೇಡ. ನಮ್ಮ ಮನೆಯ ಸುರಂಗ ನಮ್ಮ ಅಜ್ಜ ತೋಡಿಸಿದ್ದು. ಮೊದಲು ಅಡಿಕೆ ಮರದ ದಂಬೆಯಲ್ಲಿ ನೀರು ಬರುತ್ತಿತ್ತು, ಆಮೇಲೆ ಪೈಪು ಹಾಕಿದೆವು. ಎಪ್ರಿಲ್ ಮೇ ತಿಂಗಳಲ್ಲೂ ಕುಡಿಯಲು, ದನಗಳಿಗೆ, ಬಟ್ಟೆ ಒಗೆಯಲು ಸಾಕಾಗಿ ತೋಟಕ್ಕೂ ಒಂದು ಪಾಲು ಉಳಿಯುತ್ತಿತ್ತು.

ಗುಡ್ಡದ ಆಚೆ ಬದಿಯಲ್ಲಿ ಕರಿಕಲ್ಲಿನ ಕೋರೆ, ಅಂದರೆ ಕ್ವಾರಿ, ಶುರುವಾದ ಮೇಲೆ ಕಷ್ಟ ಬಂತು. ಕೋರೆಯಲ್ಲಿ ಸಿಡಿಮದ್ದು ಇಟ್ಟಾಗ ನಮ್ಮ ಅಡುಗೆ ಮನೆಯ ಕಪಾಟಿನ ಪಾತ್ರೆಗಳು ಗಡಗಡ ಅನ್ನುತ್ತವೆ. ಒಂದು ದಿನ ಪೈಪಿನಲ್ಲಿ ಕೆಂಪು ನೀರು ಬಂತು. ಟಾರ್ಚು ಹಿಡಿದು ಒಳಗೆ ಹೋಗಿ ನೋಡಿದರೆ ಸುರಂಗದ ಮೇಲ್ಭಾಗದಿಂದ ಮಣ್ಣು, ಕಲ್ಲಿನ ಹೆಂಟೆ ಕುಸಿದು ಬಿದ್ದು ಅರ್ಧ ದಾರಿ ಮುಚ್ಚಿತ್ತು. ತೆಗೆಸಿದೆವು. ನೀರು ಬಂತು, ಆದರೆ ಮೊದಲಿನಷ್ಟು ಬರಲಿಲ್ಲ. ಈಗ ಮಾರ್ಚಿನಲ್ಲೇ ಕೊಡಪಾನ ತುಂಬಲು ಕಾದು ಕೂರಬೇಕು. ನನ್ನ ಹೆಂಡತಿಗೆ ಮಂಡಿ ನೋವು, ಅವಳೇ ಆ ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡುವಾಗ ನನಗೆ ಬರುವ ಸಿಟ್ಟನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಸ್ಫೋಟದಿಂದಲೇ ಹೀಗಾಯಿತು ಅಂತ ಪ್ರಮಾಣ ಮಾಡಿ ಹೇಳಲು ನಾನು ಭೂಗರ್ಭ ತಜ್ಞ ಅಲ್ಲ. ಯಾರಾದರೂ ತಿಳಿದವರು ಬಂದು ನೋಡಿ ಹೇಳಲಿ ಅಂತಷ್ಟೇ ಅರ್ಜಿ ಕೊಟ್ಟದ್ದು. ಅರ್ಜಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಬಂದು ನೋಡಿದವರು ಯಾರೂ ಇಲ್ಲ. ಕೋರೆಗೆ ಪರವಾನಗಿ ಇದೆ ಅನ್ನುವ ಉತ್ತರ ಮಾತ್ರ ಬಂತು. ಪರವಾನಗಿ ಇದೆಯಾ ಅಂತ ನಾನು ಕೇಳಿರಲೇ ಇಲ್ಲ!

ಇದೆಲ್ಲ ಆಯೋಗಕ್ಕೆ ಸಂಬಂಧಪಟ್ಟದ್ದಲ್ಲ ಅಂತ ಪತ್ರ ಮಡಚಿಡಬೇಡಿ. ಸಂಬಂಧ ಇಲ್ಲಿಂದ ಶುರು.

ಇಲೆಕ್ಷನ್ ಬಂತು. ನಮ್ಮಲ್ಲಿ ಎಲ್ಲ ಪಕ್ಷದವರೂ ಸ್ಕ್ವಾಡ್ ಮಾಡಿಕೊಂಡು ಮನೆ ಮನೆಗೆ ಬರುತ್ತಾರೆ. ಒಂದು ಪಕ್ಷದ ಅಭ್ಯರ್ಥಿಯೇ ನಮ್ಮ ಅಂಗಳಕ್ಕೆ ಬಂದರು. ಮಜ್ಜಿಗೆ ಕೊಟ್ಟು, ಸುರಂಗದ ಹತ್ತಿರ ಒಮ್ಮೆ ಬಂದು ನೋಡಿ ಅಂದೆ. ಅವರು ಹೊರಡಲು ಎದ್ದದ್ದೂ ಹೌದು. ಅಷ್ಟರಲ್ಲಿ ಜೊತೆಗಿದ್ದ ಹುಡುಗ, ನಮ್ಮ ಊರಿನವನೇ, ನಾನು ಎತ್ತಿ ಆಡಿಸಿದವನು, ನನ್ನ ಕೈ ಹಿಡಿದು ಬದಿಗೆ ಕರೆದುಕೊಂಡು ಹೋಗಿ ಹೇಳಿದ, "ಮಾವ, ಆ ಕೋರೆಯ ವಿಷಯ ಈಗ ಎತ್ತಬೇಡಿ. ನಾವು ಬಂದ ಜೀಪಿನ ಡೀಸೆಲ್ಲೂ ಅವರದ್ದೇ." ಅಭ್ಯರ್ಥಿಗೆ ಇನ್ನೊಂದು ಕಾರ್ಯಕ್ರಮಕ್ಕೆ ತಡವಾಯಿತು ಅಂತ ಎಲ್ಲರೂ ಜೀಪು ಹತ್ತಿದರು.

ಸರಿ, ಎದುರು ಪಕ್ಷದವರಿಗೆ ಹೇಳೋಣ ಅಂತ ಹೇಳಿದೆ. ಅವರು ಪುಸ್ತಕದಲ್ಲಿ ಬರೆದುಕೊಂಡರು. ಆ ವಾರವೇ ಅವರ ಸಾರ್ವಜನಿಕ ಸಭೆ. ಹೋಗಿ ನೋಡಿದರೆ ಕೋರೆಯ ಧಣಿಗಳು ಮೊದಲ ಸಾಲಿನಲ್ಲಿ ಕೂತಿದ್ದಾರೆ, ವೇದಿಕೆಗೆ ಕರೆದು ಶಾಲು ಹೊದಿಸಿದರು. ಮೂರನೆಯವರ ಹತ್ತಿರ ನಾನು ಹೋಗಲಿಲ್ಲ. ಇಲೆಕ್ಷನ್ ಮುಗಿದ ಮೇಲೆ ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಆ ಧಣಿಗಳೇ ದೊಡ್ಡ ಸ್ವರದಲ್ಲಿ ಹೇಳಿದರು: ಮೂರೂ ಕಡೆಗೆ ಕೊಟ್ಟಿದ್ದೇನೆ, ಯಾರು ಗೆದ್ದರೂ ನನ್ನವರೇ. ಸುತ್ತ ಕೂತವರು ನಕ್ಕರು. ನಾನು ಅಲ್ಲೇ ಎರಡು ಎಲೆ ಆಚೆ ಕೂತಿದ್ದೆ.

ಅಭ್ಯರ್ಥಿಗಳು ಆಮೇಲೆ ಸಲ್ಲಿಸಿದ ಖರ್ಚಿನ ಲೆಕ್ಕವನ್ನು ಮಗನ ಹತ್ತಿರ ಇಂಟರ್‌ನೆಟ್ಟಿನಲ್ಲಿ ತೆಗೆಸಿ ನೋಡಿದೆ. ಆ ಧಣಿಗಳ ಹೆಸರು ಯಾರ ಲೆಕ್ಕದಲ್ಲೂ ಇಲ್ಲ. ಜೀಪು ಇದೆ, ಡೀಸೆಲ್ ಇದೆ, ಚಾ ತಿಂಡಿ ಇದೆ. ಕೊಟ್ಟವರು ಮಾತ್ರ ಇಲ್ಲ.

ನಿಯಮಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕೇರಳದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿಯ ಒಳಗೆ ಖರ್ಚು ಮಾಡಬೇಕು ಅಂತ 2022ರಲ್ಲಿ ನಿಮ್ಮ ಶಿಫಾರಸಿನ ಮೇಲೆ ಸರ್ಕಾರ ಮಿತಿ ಹಾಕಿದೆ. ಪಕ್ಷಕ್ಕೆ ಮಿತಿಯೇ ಇಲ್ಲ. ಒಬ್ಬ ವ್ಯಕ್ತಿ ಪಕ್ಷಕ್ಕೆ ಎಷ್ಟು ಕೊಡಬಹುದು ಅನ್ನುವುದಕ್ಕೂ ಮಿತಿ ಇಲ್ಲ. ಪಕ್ಷಗಳು 20,000 ರೂಪಾಯಿಗಿಂತ ಜಾಸ್ತಿ ಕೊಟ್ಟವರ ಹೆಸರು ಹೇಳಿದರೆ ಸಾಕು, ಅದಕ್ಕಿಂತ ಕೆಳಗಿನದು ಯಾರದ್ದು ಅಂತ ನಿಮಗೂ ಹೇಳಬೇಕಾಗಿಲ್ಲ. ಅಭ್ಯರ್ಥಿ ತನ್ನ ಲೆಕ್ಕ ಕೊಡುವುದು ಫಲಿತಾಂಶ ಬಂದ 30 ದಿನದ ಒಳಗೆ. ಅಷ್ಟು ಹೊತ್ತಿಗೆ ನನ್ನ ಮತ ಎಲ್ಲಿದೆ? ಯಾರ ದುಡ್ಡು ಅಂತ ಗೊತ್ತಾದರೂ ಐದು ವರ್ಷ ಕಾಯಬೇಕು.

ಇನ್ನೊಂದು ಕಾನೂನು ಇದೆ, ನನಗೆ ವಕೀಲರೊಬ್ಬರು ಹೇಳಿದ್ದು. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರು ಅವರ ಪ್ರಚಾರಕ್ಕೆ ಖರ್ಚು ಮಾಡಿದರೆ ಅದು ಅಪರಾಧ. ಹಳೇ ದಂಡ ಸಂಹಿತೆಯಲ್ಲಿ ಇದಕ್ಕೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 500 ರೂಪಾಯಿ. ಹೊಸ ನ್ಯಾಯ ಸಂಹಿತೆಯಲ್ಲಿ ಅದನ್ನು 10,000 ರೂಪಾಯಿಗೆ ಏರಿಸಿದ್ದಾರೆ. ಕೋರೆಯಿಂದ ದಿನಕ್ಕೆ ಎಷ್ಟು ಟಿಪ್ಪರ್ ಹೊರಗೆ ಹೋಗುತ್ತದೆ ಅಂತ ನಮ್ಮ ರಸ್ತೆಯ ಬದಿಯಲ್ಲಿ ನಿಂತು ನೋಡಿ. ಅವರಿಗೆ ಈ ದಂಡ ಒಂದು ದಂಡವೇ ಅಲ್ಲ.

ಇದು ನಮ್ಮ ಊರಿನ ಸಣ್ಣ ಕಥೆ, ದೇಶದ ಕಥೆ ಬೇರೆ ಅಂತ ಹೇಳುವ ಹಾಗೂ ಇಲ್ಲ. 1969ರಲ್ಲಿ ಕಂಪನಿಗಳು ಪಕ್ಷಗಳಿಗೆ ದುಡ್ಡು ಕೊಡಬಾರದು ಅಂತ ಮಾಡಿದರು, 1985ರಲ್ಲಿ ಮತ್ತೆ ಕೊಡಬಹುದು ಅಂದರು. ಆಮೇಲೆ ಮೂರು ವರ್ಷದ ಸರಾಸರಿ ಲಾಭದಲ್ಲಿ ಇಷ್ಟು ಶೇಕಡಾ ಅಂತ ಮಿತಿ ಇತ್ತು, ಕೊನೆಗೆ ಅದು ಶೇ. 7.5. 2017ರಲ್ಲಿ ಆ ಮಿತಿಯನ್ನೂ ತೆಗೆದು, ಚುನಾವಣಾ ಬಾಂಡ್ ತಂದರು. ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ಕೊಡುವುದು, ಯಾರು ಯಾರಿಗೆ ಕೊಟ್ಟರು ಅಂತ ಜನರಿಗೆ ಗೊತ್ತಾಗದ ಹಾಗೆ ಮಾಡಿದ ವ್ಯವಸ್ಥೆ ಅದು. ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ಅದನ್ನು ರದ್ದು ಮಾಡಿತು. ಐದು ನ್ಯಾಯಮೂರ್ತಿಗಳು ಒಂದೇ ಮಾತಾಗಿ ಹೇಳಿದ್ದು, ಪಕ್ಷಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ತಿಳಿಯುವುದು ಮತದಾರನ ಹಕ್ಕು. ಬಾಂಡ್ ಮಾರಿದ ಸ್ಟೇಟ್ ಬ್ಯಾಂಕು ಅದರ ವಿವರ ಕೊಡಲು ಜೂನ್ 30ರ ತನಕ ಸಮಯ ಕೇಳಿತು, ಅಂದರೆ ಲೋಕಸಭಾ ಇಲೆಕ್ಷನ್ ಮುಗಿಯುವ ತನಕ. ಕೋರ್ಟು ಒಪ್ಪಲಿಲ್ಲ. ಮಾರ್ಚ್ 14ಕ್ಕೆ ಪಟ್ಟಿ ನಿಮ್ಮ ಆಯೋಗದ ವೆಬ್‌ಸೈಟಿನಲ್ಲೇ ಬಂತು. ಎಲ್ಲರಿಗಿಂತ ಜಾಸ್ತಿ, 1,368 ಕೋಟಿ ರೂಪಾಯಿಯ ಬಾಂಡ್ ಕೊಂಡದ್ದು ಫ್ಯೂಚರ್ ಗೇಮಿಂಗ್ ಅನ್ನುವ ಲಾಟರಿ ಕಂಪನಿ. ಇದು ಗೊತ್ತಾಗುವ ಮೊದಲು ಈ ದೇಶದ ಜನ ಎಷ್ಟು ಇಲೆಕ್ಷನ್ನಿನಲ್ಲಿ ಮತ ಹಾಕಿ ಬಂದಿದ್ದರು!

ಅಂದರೆ, ಮನಸ್ಸು ಮಾಡಿದರೆ ಮತದಾನಕ್ಕೆ ಮೊದಲು ಹೇಳಲು ಆಗುತ್ತದೆ. ಕೋರ್ಟು ಗಟ್ಟಿಯಾಗಿ ಹೇಳಿದ ಕೂಡಲೇ ಆಯಿತು. ಆಗುವುದಿಲ್ಲ, ಸಮಯ ಸಾಲದು ಅಂತ ಇನ್ನು ನನಗೆ ಯಾರೂ ಹೇಳಬೇಡಿ.

ಬಾಂಡ್ ಹೋಯಿತು, ಈಗ ಚುನಾವಣಾ ಟ್ರಸ್ಟುಗಳು. ಬೇರೆ ಬೇರೆ ಕಂಪನಿಯ ದುಡ್ಡು ಒಂದೇ ಟ್ರಸ್ಟಿಗೆ ಬರುತ್ತದೆ, ಅಲ್ಲಿಂದ ಪಕ್ಷಗಳಿಗೆ ಹೋಗುತ್ತದೆ. ಕೊಟ್ಟವರ ಪಟ್ಟಿ ಇದೆ, ತೆಗೆದುಕೊಂಡವರ ಪಟ್ಟಿಯೂ ಇದೆ. ಯಾರ ದುಡ್ಡು ಯಾರಿಗೆ ಹೋಯಿತು ಅಂತ ಮಾತ್ರ ತಿಳಿಯುವುದಿಲ್ಲ. ನನಗೆ ಬೇಕಾದದ್ದು ಅದೊಂದೇ.

ನಮ್ಮ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ ಆದರೆ 500 ರೂಪಾಯಿ ಕೊಟ್ಟವನ ಹೆಸರನ್ನೂ ಮೈಕಿನಲ್ಲಿ ಓದುತ್ತಾರೆ. ಲಕ್ಷ ಕೊಟ್ಟವನ ಹೆಸರು ಗೋಡೆಯ ಕಲ್ಲಿನಲ್ಲಿ ಇರುತ್ತದೆ. ಮಸೀದಿಯ ಉರೂಸಿಗೂ, ಶಾಲೆಯ ವಾರ್ಷಿಕೋತ್ಸವಕ್ಕೂ, ಬಯಲಾಟಕ್ಕೂ ರಶೀದಿ ಪುಸ್ತಕ ಇದೆ, ಲೆಕ್ಕ ಮಂಡಿಸುವ ಮಹಾಸಭೆ ಇದೆ, ಅಲ್ಲಿ ಎದ್ದು ನಿಂತು ಕೇಳುವ ಹಕ್ಕು ನನ್ನಂಥವನಿಗೂ ಇದೆ. ನಮ್ಮನ್ನು ಆಳುವವರನ್ನು ಆರಿಸುವ ಕೆಲಸಕ್ಕೆ ಅಷ್ಟೂ ಇಲ್ಲ ಅಂದ್ರೆ ಹೇಗೆ?

ದುಡ್ಡು ಕೊಟ್ಟವರ ಹೆಸರು ಹೊರಗೆ ಬಂದರೆ ಗೆದ್ದ ಎದುರು ಪಕ್ಷದವರು ಅವರಿಗೆ ತೊಂದರೆ ಕೊಡುತ್ತಾರೆ ಅಂತ ಒಂದು ವಾದ ಇದೆ. ಬಾಂಡ್ ಕೇಸಿನಲ್ಲಿ ಸರ್ಕಾರವೂ ಹಾಗೇ ಹೇಳಿತ್ತು. ನಾನು ಅದನ್ನು ಪೂರ್ತಿ ಸುಳ್ಳು ಅನ್ನುವುದಿಲ್ಲ. ಸಣ್ಣ ಅಂಗಡಿಯವನು ಇಷ್ಟಪಟ್ಟ ಪಕ್ಷಕ್ಕೆ 200 ರೂಪಾಯಿ ಕೊಟ್ಟರೆ ಅವನ ಹೆಸರು ಬೋರ್ಡಿಗೆ ಹಾಕಬೇಕಾಗಿಲ್ಲ, ಬಿಡಿ. ಆದರೆ ಲಕ್ಷಗಟ್ಟಲೆ ಹಾಕುವವರಿಗೆ ಭಯ ಎಲ್ಲಿದೆ? ನಮ್ಮ ಧಣಿಗಳು ಮದುವೆ ಮನೆಯಲ್ಲೇ ಹೇಳಿಕೊಂಡರು. ಭಯ ಇರುವುದು ನನಗೆ. ಈ ಪತ್ರದಲ್ಲಿ ಊರಿನ ಹೆಸರು ಬರೆಯದೆ ಇರುವುದು ಅದಕ್ಕೇ.

2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 89 ಮತ. ಅಂಥ ಜಾಗದಲ್ಲಿ ಕೊನೆಯ ವಾರ ಒಬ್ಬರಿಗೆ ಹತ್ತು ಜೀಪು ಜಾಸ್ತಿ ಸಿಕ್ಕಿದರೆ, ಗುಡ್ಡದ ಮೇಲಿನ ಹತ್ತು ಮನೆಗೆ ಜಾಸ್ತಿ ಹೋಗಲು ಆದರೆ, ಫಲಿತಾಂಶವೇ ಬದಲಾಗಬಹುದು. ಆ ಜೀಪು ಕೊಟ್ಟವರು ನಾಳೆ ಏನು ಕೇಳುತ್ತಾರೆ ಅಂತ ಯೋಚಿಸಿಯೇ ನಾನು ಮತ ಹಾಕಬೇಕು. ಅದಕ್ಕೆ ನನಗೆ ಹೆಸರು ಬೇಕು.

ನಿಮಗೆ ಇದನ್ನು ಮಾಡುವ ಅಧಿಕಾರ ಇಲ್ಲ ಅಂತ ದಯವಿಟ್ಟು ಉತ್ತರ ಬರೆಯಬೇಡಿ. 2002ರಲ್ಲಿ ಸುಪ್ರೀಂ ಕೋರ್ಟು, ಚುನಾವಣೆಯ ಮೇಲ್ವಿಚಾರಣೆಯನ್ನು ನಿಮಗೆ ಕೊಟ್ಟಿರುವ ಸಂವಿಧಾನದ 324ನೇ ವಿಧಿಯನ್ನು ತೋರಿಸಿಯೇ, ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಕೇಸು ಇವುಗಳ ಅಫಿಡವಿಟ್ ತೆಗೆದುಕೊಳ್ಳಿ ಅಂತ ನಿಮ್ಮ ಆಯೋಗಕ್ಕೆ ಹೇಳಿದ್ದು. ಆಗಲೂ ಪಕ್ಷಗಳು ವಿರೋಧ ಮಾಡಿದ್ದವು. ಇವತ್ತು ಯಾವ ಅಭ್ಯರ್ಥಿಗೂ ಅದು ದೊಡ್ಡ ವಿಷಯ ಅಲ್ಲ. ಅವರ ಹೆಂಡತಿಯ ಚಿನ್ನ ಎಷ್ಟು ಗ್ರಾಂ ಅಂತ ನನಗೆ ಗೊತ್ತಾಗುತ್ತದೆ, ಅವರ ಪ್ರಚಾರ ಯಾರ ದುಡ್ಡಿನಲ್ಲಿ ನಡೆಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಎರಡರಲ್ಲಿ ನನಗೆ ಯಾವುದು ಮುಖ್ಯ, ನೀವೇ ಹೇಳಿ.

ಲೆಕ್ಕ ನಿಮ್ಮ ಹತ್ತಿರ ಮೊದಲೇ ಬರುತ್ತದೆ. ಅಭ್ಯರ್ಥಿ ಪ್ರಚಾರದ ಖರ್ಚಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ದಿನದ ಲೆಕ್ಕ ಬರೆಯಬೇಕು, ನಿಮ್ಮ ವೆಚ್ಚ ವೀಕ್ಷಕರು ಪ್ರಚಾರದ ನಡುವೆಯೇ ಆ ಪುಸ್ತಕವನ್ನು ಮೂರು ಸಲ ನೋಡುತ್ತಾರೆ. ಆ ಪುಸ್ತಕದಲ್ಲಿ ದುಡ್ಡು, ಜೀಪು, ಡೀಸೆಲ್, ಊಟ ಯಾರು ಕೊಟ್ಟದ್ದು ಅಂತ ಕಡ್ಡಾಯವಾಗಿ ಬರೆಸಿ. ಬರೆಯದೆ ಮುಚ್ಚಿಟ್ಟದ್ದು ಸಿಕ್ಕಿದರೆ ದಂಡ ಹಾಕಿ ಬಿಡಬೇಡಿ, ಗೆದ್ದ ಸ್ಥಾನವೇ ಹೋಗುವ ಹಾಗೆ ಕಾನೂನು ತರಲು ಸಂಸತ್ತಿಗೆ ಶಿಫಾರಸು ಮಾಡಿ. ಮತದಾನದ ದಿನ ಬೂತಿನ ಹೊರಗೆ ಅಭ್ಯರ್ಥಿಗಳ ಪಟ್ಟಿ ಅಂಟಿಸುತ್ತೀರಲ್ಲ, ಅದರ ಪಕ್ಕದಲ್ಲೇ ದುಡ್ಡು ಕೊಟ್ಟವರ ಪಟ್ಟಿಯನ್ನೂ ಅಂಟಿಸಿ. ಒಂದು ವಾರ ಮೊದಲು ಪಂಚಾಯತು ಕಚೇರಿಯಲ್ಲೂ, ರೇಷನ್ ಅಂಗಡಿಯಲ್ಲೂ ಹಾಕಿ. ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಸ್ಕ್ಯಾನ್ ಮಾಡಿದ ಕಾಗದ ಇಟ್ಟು, ಬಹಿರಂಗ ಮಾಡಿದ್ದೇವೆ ಅಂದರೆ ನಮ್ಮ ಕಡೆಯ ವಯಸ್ಸಾದವರಿಗೆ ಅದು ಸಿಕ್ಕಿದ ಹಾಗಲ್ಲ. ಮಲಯಾಳದ ಜೊತೆಗೆ ಕನ್ನಡದಲ್ಲೂ ಹಾಕಿ. ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು, ನಮಗೆ ಓದಲು ಬರುವ ಭಾಷೆಯಲ್ಲಿ ಮಾಹಿತಿ ಕೇಳುವುದು ದೊಡ್ಡ ಬೇಡಿಕೆ ಅಲ್ಲ.

ನನ್ನ ಸುರಂಗವನ್ನು ನೀವು ಸರಿ ಮಾಡಿಕೊಡಬೇಕು ಅಂತ ನಾನು ಕೇಳುತ್ತಿಲ್ಲ. ಅದಕ್ಕೆ ಬೇರೆ ಕಡೆ ಹೋರಾಡುತ್ತೇನೆ, ಬಿಡುವುದಿಲ್ಲ. ನಿಮ್ಮಿಂದ ಬೇಕಾದದ್ದು ಹೆಸರುಗಳು. ಮತ ಹಾಕುವ ಮೊದಲು. ಈ ಸಲದ ಇಲೆಕ್ಷನ್ನಿಗೆ ಆಗದಿದ್ದರೆ ಯಾವ ಇಲೆಕ್ಷನ್ನಿನಿಂದ ಆಗುತ್ತದೆ ಅಂತ ದಿನಾಂಕ ಹಾಕಿ ಬರೆಯಿರಿ. ಪರಿಶೀಲನೆಯಲ್ಲಿದೆ ಅನ್ನುವ ಒಂದು ಸಾಲಿನ ಉತ್ತರ ನಮ್ಮ ಮನೆಯ ಕಪಾಟಿನಲ್ಲಿ ಈಗಾಗಲೇ ಬೇಕಾದಷ್ಟು ಇದೆ.

ಇಂತಿ,
ಮಂಜೇಶ್ವರ ತಾಲೂಕಿನ ಒಬ್ಬ ಅಡಿಕೆ ಕೃಷಿಕ, ಮತದಾರ